ಸಂಧ್ಯಾಗೀತೆಯ ಎರಡನೆಯ ದನಿ

ಹಾಡುವಾಗ ಅವರ ಬಲಗೈ ಬಲಗಿವಿಯ ಹಿಂದಕ್ಕೆ ಹೋಗುತ್ತಿತ್ತು. ಸೂಜಿ ಚುಚ್ಚಿ ಚುಚ್ಚಿ ತುದಿಗಳೆಲ್ಲ ಗಟ್ಟಿಯಾಗಿದ್ದ ಬೆರಳುಗಳಿಂದ ಕಿವಿಯನ್ನು ತುಸು ಮುಂದಕ್ಕೆ ಮಡಿಸಿ, ಗದ್ದವನ್ನು ಎದೆಯತ್ತ ತಗ್ಗಿಸಿ, ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದರು. ಆ ಕೈಯನ್ನು ನೋಡಿಯೇ ನಮ್ಮ ಚರ್ಚಿನ ಸಭೆಯ ಕಾರ್ಯದರ್ಶಿಗಳು ಅವರಿಗೆ ಕಿವಿ ಕೇಳಿಸುವುದಿಲ್ಲವೆಂದು ತೀರ್ಮಾನಿಸಿದರು. ಆ ತೀರ್ಮಾನವನ್ನು ನಾನು ಕ್ಷಮಿಸಿಲ್ಲ. ಕ್ಷಮೆಯ ಕುರಿತಾದ ಬೋಧನೆಯನ್ನು ಜೀವಮಾನವಿಡೀ ಮುಂದಿನ ಬೆಂಚಿನಲ್ಲಿ ಕುಳಿತು ಕೇಳಿದವನು ನಾನು; ಆದರೂ ಕ್ಷಮಿಸಿಲ್ಲ.

ಅವರು ನಾನು ಕಲಿಸುತ್ತಿದ್ದ ಶಾಲೆಯಲ್ಲಿ ಹೊಲಿಗೆ ಟೀಚರು. ಮೂಡುಬಿದಿರೆಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದು ಅಕ್ಕಪಕ್ಕದ ಮನೆ. ನಿವೃತ್ತಿಯ ಮೇಲೂ ನನಗೆ ಅವರು ಟೀಚರೇ, ಅವರಿಗೆ ನಾನು ಮಾಸ್ಟ್ರೇ. ಪಾಣೆಮಂಗಳೂರಿನ ಅವರ ತವರಿನಲ್ಲಿ ದೀಪ ಹಚ್ಚಿದೊಡನೆ ಮನೆಮಂದಿಯೆಲ್ಲ ಚಾವಡಿಯಲ್ಲಿ ನಿಂತು, ಹಗಲನ್ನು ದೇವರಿಗೆ ಒಪ್ಪಿಸಿ ಇರುಳಿಗೆ ಕಾವಲು ಬೇಡುವ ಹಳೆಯ ಸಂಧ್ಯಾಗೀತೆಗಳನ್ನು ಹಾಡುವ ಪದ್ಧತಿಯಿತ್ತು. ಎಲ್ಲರೂ ಒಂದೇ ರಾಗವನ್ನು ಹಾಡುತ್ತಿರಲಿಲ್ಲ. ತಾಯಿ ಮೂಲ ರಾಗ ನಡೆಯುವ ಮೇಲಿನ ದನಿ, ತಂದೆ ತೀರಾ ಕೆಳಗಿನದು, ಅಣ್ಣಂದಿರು ನಡುವಿನದು. ಮೇಲಿನದಕ್ಕೆ ತಾಗಿಯೇ ಕೆಳಗೆ ನಡೆಯುವ ಎರಡನೆಯ ದನಿ ಇವರ ಪಾಲು. ಹೀಗೆ ನಾಲ್ಕು ದನಿಗಳು ಕೂಡಿದರೇ ಹಾಡು ಎಂಬುದು ನಮ್ಮ ಹಿರಿಯರು ಕಟ್ಟಿದ ಕ್ರಮ. ಇವರಿಗೆ ಆ ಎರಡನೆಯ ದನಿ ಎಷ್ಟು ಒಗ್ಗಿಹೋಗಿತ್ತೆಂದರೆ, ಹಾಡಿನ ಮೂಲ ರಾಗವನ್ನು ಹಾಡೆಂದರೆ ಬರುತ್ತಿರಲಿಲ್ಲ.

"ನಂದು ಅಸ್ತರು, ಮಾಸ್ಟ್ರೇ," ಎಂದು ನಗುತ್ತಿದ್ದರು. "ಕೋಟಿನ ಒಳಗೆ ಹೊಲೀತೇವಲ್ಲ, ಅದು. ಹೊರಗೆ ಕಾಣ್ಲಿಕ್ಕೆ ಇಲ್ಲ. ಅದಿಲ್ಲದಿದ್ರೆ ಕೋಟು ಮೈಮೇಲೆ ಕೂತ್ಕೊಳ್ಳುವುದೂ ಇಲ್ಲ."

ಕೈಯನ್ನು ಕಿವಿಯ ಹಿಂದಿಡುತ್ತಿದ್ದುದು ಮೇಲಿನ ದನಿಯನ್ನು ಬಿಡದೆ ಆಲಿಸುವುದಕ್ಕಾಗಿ. ನಮ್ಮ ಇಡೀ ಸಭೆಯಲ್ಲಿ ಇನ್ನೊಬ್ಬರನ್ನು ಕೇಳಿಸಿಕೊಂಡು ಹಾಡುತ್ತಿದ್ದವರು ಅವರೊಬ್ಬರೇ ಇರಬೇಕು. ಕಿವುಡಿಯೆಂಬ ಬಿರುದು ಸಿಕ್ಕಿದ್ದೂ ಅವರಿಗೇ.

ನನ್ನ ಹೆಂಡತಿ ತೀರಿಕೊಂಡಾಗ ಮನೆಗೆ ಬಂದು ಸಾಂತ್ವನ ಹೇಳಿದವರು ಬಹಳ ಮಂದಿ. ಯಾರು ಏನು ಹೇಳಿದರೆಂಬುದು ನನಗೆ ನೆನಪಿದೆ. ಬಾರದೆ ಉಳಿದವರು ಯಾರೆಂಬುದೂ ನೆನಪಿದೆ. ಟೀಚರು ಮಾತ್ರ ಬಸ್ಸುಗಳ ಗಲಾಟೆ ತುಸು ಇಳಿಯುವ ಮುಸ್ಸಂಜೆಯಲ್ಲಿ ಬಂದು, ಜಗಲಿಯ ಬೆತ್ತದ ಕುರ್ಚಿಯಲ್ಲಿ ಕುಳಿತು ಹಾಡಲಾರಂಭಿಸಿದರು. ಎರಡನೆಯ ದನಿಯನ್ನಷ್ಟೇ. ಮೇಲಿನ ದನಿಯಿಲ್ಲದೆ ಅದನ್ನು ಕೇಳುವುದೆಂದರೆ ಒಬ್ಬರೇ ಕುಳಿತು ಇಬ್ಬರ ಸಂಭಾಷಣೆಯಲ್ಲಿ ತಮ್ಮ ಪಾಲಿನ ಮಾತನ್ನು ಮಾತ್ರ ಆಡುವುದನ್ನು ಕೇಳಿದಂತೆ. ಹಾಡು ಯಾವುದೆಂದೇ ಗೊತ್ತಾಗದು. ಮುಗಿಸಿ ಎದ್ದುಹೋದರು. ಮರುದಿನವೂ ಬಂದರು. ನನಗೆ ರೇಗಿತು.

"ಎಂತ ಟೀಚರೇ ಇದು? ಹಾಡುವುದಾದರೆ ಸರಿಯಾಗಿ ಹಾಡಿ. ಇದು ತಲೆಬುಡ ಇಲ್ಲದ ಹಾಡು."

"ತಲೆ ನಿಮ್ಮ ಹತ್ರ ಉಂಟಲ್ಲ. ನನ್ನ ಹತ್ರ ಇಲ್ಲ," ಎಂದರು. "ಬೇಕಾದ್ರೆ ಮೇಲಿನ ದನಿ ನೀವು ಹಾಕಿ. ಬೇಡದಿದ್ರೆ ನಾನು ಹೀಗೇ ಹಾಡ್ತೇನೆ. ಬೈದ್ರೆ ಬೈಯಿರಿ ಮಾರಾಯ್ರೆ."

ಬೈಯಲು ತೆರೆದ ಬಾಯಿಯಿಂದ ನಾನು ಹಾಡಿದೆ. ಮೊದಲ ಸಾಲಿನಲ್ಲೇ ನಿಲ್ಲಿಸಿಬಿಟ್ಟೆ. ಅವರು ನಿಲ್ಲಿಸಲಿಲ್ಲ, ನಾನು ಮತ್ತೆ ಸೇರಿಕೊಳ್ಳುವವರೆಗೆ ಕೆಳಗೆ ನಡೆಯುತ್ತಲೇ ಇದ್ದರು. ಅಂದಿನಿಂದ ಅದು ನಮ್ಮ ನಿತ್ಯದ ಕ್ರಮವಾಯಿತು. ದೇವರು ನನ್ನ ದುಃಖವನ್ನು ನೀಗಿದನೆಂದು ನಾನು ಹೇಳಲಾರೆ. ಸಂಜೆಯನ್ನು ದಾಟಿಸಿದವರು ಯಾರೆಂಬುದನ್ನಂತೂ ಹೇಳಬಲ್ಲೆ.

ಹೀಗಿರಲು ನಮ್ಮ ಸಭೆಗೆ ಹಾಡು ನಡೆಸುವ ಹೊಸ ಮುಂದಾಳು ಬಂದ. ಕೀಬೋರ್ಡು ಬಂತು, ಡ್ರಮ್ಮು ಬಂತು, ಗೋಡೆಯ ಮೇಲೆ ಹಾಡಿನ ಸಾಲುಗಳನ್ನು ಬೀಳಿಸುವ ಯಂತ್ರ ಬಂತು. ಬರಲಿ. ಹೊಸತನ್ನು ಕಂಡು ಉರಿಯುವವನು ನಾನಲ್ಲ. ಭಾನುವಾರ ಸಂಜೆಯ ಆರಾಧನೆಯಲ್ಲಿ ಸಂಧ್ಯಾಗೀತೆ ಆರಂಭವಾದಾಗ ಆತ ಮೈಕಿನಿಂದ ಮುಖ ತಿರುಗಿಸಿ, ಟೀಚರ ಕಡೆಗೆ ಅಂಗೈಯನ್ನು ನೆಲಕ್ಕೆ ಒತ್ತುವಂತೆ ಎರಡು ಸಲ ಆಡಿಸಿದನಲ್ಲ, ನನ್ನ ಸಿಟ್ಟೆಲ್ಲ ಆ ಅಂಗೈಯ ಮೇಲೆ. ದನಿ ತಗ್ಗಿಸು ಎಂದು ಅದರ ಅರ್ಥ.

ಆರಾಧನೆ ಮುಗಿದ ಮೇಲೆ ಹತ್ತಿರ ಬಂದ. "ಆಂಟಿ, ಬೇಜಾರು ಮಾಡ್ಬೇಡಿ. ನೀವು ಹಾಡುವುದು ಟ್ಯೂನಿಗೆ ಸೇರುವುದಿಲ್ಲ."

"ಅದು ಎರಡನೇ ದನಿ, ಮಗಾ."

"ಈಗ ಎಲ್ಲರದ್ದೂ ಒಂದೇ ದನಿ, ಆಂಟಿ. ಮೈಕಲ್ಲಿ ಅಪಸ್ವರ ಆಗಿ ಕೇಳ್ತದೆ. ನೀವು ಮನಸ್ಸಲ್ಲೇ ಹಾಡಿ. ದೇವರಿಗೆ ಕೇಳ್ತದಲ್ಲ?"

ಸುತ್ತ ನಿಂತವರಲ್ಲಿ ಇಬ್ಬರು ನಕ್ಕರು. ಅವರು ಯಾರೆಂದು ಅವರಿಗೂ ಗೊತ್ತಿದೆ, ನನಗೂ ಗೊತ್ತಿದೆ.

ನಾನು ಕಾರ್ಯದರ್ಶಿಗಳ ಬಳಿಗೆ ಹೋದೆ. "ಪ್ರಾಯ ಆಯ್ತಲ್ಲ ಮಾಸ್ಟ್ರೇ ಅವರಿಗೆ," ಎಂದರು. "ಕಿವಿ ಮಂದ. ಕೈ ಹಿಡ್ಕೊಳ್ಳುವುದು ನೋಡುವುದಿಲ್ವಾ ನೀವು?" ಕಾರ್ಯದರ್ಶಿಗಳ ತಾಯಿಯೂ ಇದೇ ಸಭೆಯಲ್ಲಿ ಎರಡನೆಯ ದನಿ ಹಾಡಿದವರೆಂದು ನಾನು ನೆನಪಿಸಿದೆ. "ಹೌದಾ?" ಎಂದರು. ಅಷ್ಟೇ. ತನ್ನ ತಾಯಿ ಹಾಡಿದ್ದು ಯಾವ ದನಿಯೆಂದು ಅರಿಯದ ಮಗ ಮುಂದಿನ ಬೆಂಚಿನಲ್ಲಿ ಕುಳಿತ. ಅದನ್ನು ಉಳಿಸಿಕೊಂಡಿದ್ದ ಟೀಚರು ಹಿಂದಿನ ಬೆಂಚಿಗೆ ಹೋದರು.

ಟೀಚರು ಯಾರನ್ನೂ ದೂರಲಿಲ್ಲ. ದೂರುವ ಕೆಲಸವನ್ನು ನನಗೆ ಬಿಟ್ಟಂತಿತ್ತು. ಭಾನುವಾರ ಬರುತ್ತಿದ್ದರು, ಹಾಡಿನ ಪುಸ್ತಕವನ್ನು ತೆರೆಯುತ್ತಿದ್ದರು, ತುಟಿ ಮಾತ್ರ ತೆರೆಯುತ್ತಿರಲಿಲ್ಲ. ನಮ್ಮ ಜಗಲಿಗೆ ಬರುವುದನ್ನೂ ನಿಲ್ಲಿಸಿದರು. ಕೇಳಿದ್ದಕ್ಕೆ, "ಬಾಯಿಗೆ ಬರುವುದಿಲ್ಲ ಮಾಸ್ಟ್ರೇ. ನಿಜವಾಗಿ ಅಪಸ್ವರವಾ ಎಂತದೋ ಅಂತ ಹೆದರಿಕೆ ಆಗ್ತದೆ," ಎಂದರು.

ಇಷ್ಟು ವರ್ಷಗಳ ಹಾಡಿನ ಮೇಲೆ ಆ ಒಂದು ಸಂಶಯವನ್ನು ಹಾಕಿದರಲ್ಲ!

ಮರುಸಂಜೆ ನಾನೇ ಅವರ ಮನೆಗೆ ಹೋಗಿ ಜಗಲಿಯಲ್ಲಿ ಕುಳಿತು ಮೇಲಿನ ದನಿಯನ್ನು ಹಾಡಿದೆ. ಮರುದಿನವೂ ಹಾಡಿದೆ. ಮಳೆ ಬಂದಾಗ ಕೊಡೆ ಹಿಡಿದು ಹೋಗಿ ಹಾಡಿದೆ. ಓಣಿಯಲ್ಲಿ ಕೋಣೆ ಹಿಡಿದಿದ್ದ ಕಾಲೇಜು ಹುಡುಗರು ಕಿಟಕಿಯಿಂದ ಇಣುಕಿ ನೋಡಿದರು. ನೋಡಲಿ ಎಂದು ಹಾಡಿದೆ. ಟೀಚರು ಎದುರಿಗೆ ಕುಳಿತು ಕೇಳುತ್ತಿದ್ದರು. ಎರಡನೆಯ ಚರಣಕ್ಕೆ ಬಂದಾಗ ಬಲಗೈ ತಾನಾಗಿ ಕಿವಿಯ ಹಿಂದಕ್ಕೆ ಹೋಗುತ್ತಿತ್ತು. ಬಾಯಿ ತೆರೆಯಲಿಲ್ಲ. ಕೊನೆಯವರೆಗೂ ತೆರೆಯಲಿಲ್ಲ. ಹಾಡು ಮುಗಿದಾಗ, "ಬಾಯಾರಿಕೆಗೆ ಎಂತ ಕೊಡ್ಲಿ?" ಎಂದು ಕೇಳಿ ಒಳಗೆ ಹೋಗುತ್ತಿದ್ದರು.

ಕಳೆದ ಮಳೆಗಾಲದಲ್ಲಿ, ಒಂದು ಮಧ್ಯಾಹ್ನ, ಹೊಲಿಗೆ ಯಂತ್ರದ ಮೇಲೆ ತಲೆಯೊರಗಿಸಿದವರು ಏಳಲಿಲ್ಲ.

ಸಮಾಧಿಯ ಬಳಿ ಕಾರ್ಯದರ್ಶಿಗಳು ಮಾತಾಡಿದರು. "ಅವರ ಇಂಪಾದ ಕಂಠ ನಮ್ಮ ಸಭೆಯ ಆಸ್ತಿಯಾಗಿತ್ತು," ಎಂದರು. ಈ ಮಾತನ್ನು ನಾನು ಯಥಾವತ್ತಾಗಿ ಇಲ್ಲಿ ಬರೆದಿದ್ದೇನೆ. ನಾಳೆ ಹಾಗೆ ಹೇಳಲೇ ಇಲ್ಲ ಎನ್ನಬಾರದು. ಅನಂತರ ಆ ಮುಂದಾಳು ಟೀಚರಿಗೆ ಪ್ರಿಯವಾಗಿದ್ದ ಸಂಧ್ಯಾಗೀತೆಯನ್ನೇ ಎತ್ತಿಕೊಂಡ. ಎಲ್ಲರೂ ಸೇರಿ ಹಾಡಿದರು, ಒಂದೇ ದನಿಯಲ್ಲಿ. ಹಾಡು ಜೋರಾಗಿತ್ತು. ಅದರ ಕೆಳಗೆ ಏನೂ ಇರಲಿಲ್ಲ.

ನಾನು ಎರಡನೆಯ ದನಿಯನ್ನು ಎಂದೂ ಹಾಡಿದವನಲ್ಲ. ಆದರೆ ನನ್ನ ಜಗಲಿಯಲ್ಲಿ ಅಷ್ಟು ಸಂಜೆಗಳಲ್ಲಿ ಅದು ನನ್ನ ಕಿವಿಗೆ ಬಿದ್ದಿತ್ತು. ಬಲಗೈಯನ್ನು ಕಿವಿಯ ಹಿಂದಿಟ್ಟು ಅವರೆಲ್ಲರನ್ನು ಕೇಳಿಸಿಕೊಂಡೆ. ಅಂದು ಮೊದಲ ಸಲ, ಮನಸ್ಸಿಟ್ಟು ಕೇಳಿಸಿಕೊಂಡೆ. ಆಮೇಲೆ ಅವರ ಕೆಳಗೆ ಟೀಚರ ಸಾಲನ್ನು ಹಾಡಿದೆ. ಒರಟು ಗಂಡುದನಿ; ಅಲ್ಲಲ್ಲಿ ತಪ್ಪಿತು. ನನ್ನ ಪಕ್ಕದಲ್ಲಿ ನಿಂತಿದ್ದವರು ತಿರುಗಿ ನೋಡಿದರು.

ಮುಂದಾಳುವೂ ತಿರುಗಿದ. ಅದೇ ಅಂಗೈ ಮೇಲೆದ್ದಿತು, ನೆಲಕ್ಕೆ ಒತ್ತುವಂತೆ ಎರಡು ಸಲ ಆಡಿತು.

ನಾನು ತಗ್ಗಿಸಲಿಲ್ಲ.