ಆಷಾಢದ ಗಾದಿ

ಹೊಸಪೇಟೆಯ ಸೀರೆಯಂಗಡಿಗಳಲ್ಲಿ ಈಗ ಗಿರಾಕಿಗೆ ಮೆತ್ತನೆಯ ಸ್ಟೂಲು ಸಿಗುತ್ತದೆ. ಅದು ತಿರುಗುತ್ತದೆ ಕೂಡ. ಆಸನ ತಿರುಗುವುದರಿಂದ ಸೀರೆಯ ಆಯ್ಕೆಗೆ ಆಗುವ ಉಪಕಾರವೇನೆಂಬುದು ನನ್ನ ಅಲ್ಪಮತಿಗೆ ಹೊಳೆಯದಿದ್ದರೂ, ಕುಳಿತ ಮೇಲೆ ತಿರುಗದೆ ಇರುವಷ್ಟು ಸಂಯಮ ನನಗಿನ್ನೂ ಸಿದ್ಧಿಸಿಲ್ಲ. ಹಾಗೆ ತಿರುಗುತ್ತಿದ್ದಾಗಲೇ ಕಣ್ಣಿಗೆ ಬಿದ್ದದ್ದು: ಗಾಜಿನ ಕೌಂಟರಿನ ಆಚೆ ಬದಿಯಲ್ಲಿ ಕೂರಲು ಏನೆಂದರೆ ಏನೂ ಇರಲಿಲ್ಲ. ಅಲ್ಲಿ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ದಾಟಿಸುತ್ತ, ಕೆರೆಯಂಗಳದ ಕೊಕ್ಕರೆಯಂತೆ ನಿಂತಿದ್ದವಳು ನನ್ನ ದೊಡ್ಡವ್ವನ ಮಗಳು ಶಾಂತಕ್ಕ.

"ತಿರುಗಬ್ಯಾಡಲೇ, ತಲಿ ಸುತ್ತತೈತಿ," ಎಂದಳು. "ನೀನರ ಕುಂತು ತಿರುಗಾಕತ್ತಿ, ನನಗ ನಿಂತಲ್ಲೇ ಎಲ್ಲಾ ತಿರುಗಾಕತ್ತೈತಿ."

ಈ ಅಂಗಡಿಯಲ್ಲಿ ಮೊದಲು ಗಾದಿ ಇತ್ತು. ನಿಮಗೂ ನೆನಪಿರಬಹುದು, ಬಿಳಿಯ ಹಾಸು ಹೊದ್ದ, ಗೋಡೆಯಿಂದ ಗೋಡೆಗೆ ಹರಡಿದ, ಹೊಸ ಬಟ್ಟೆಯ ಗಂಜಿಯ ವಾಸನೆಯನ್ನು ತಲೆಮಾರುಗಳಿಂದ ಕುಡಿದ ಹತ್ತಿಯ ಗಾದಿ. ಚಪ್ಪಲಿ ಹೊರಗೆ, ಮನುಷ್ಯರು ಒಳಗೆ. ಹಾಸಿದ ಸೀರೆಯ ಪಕ್ಕ ಕಾಲೂರಿ ನಿಲ್ಲುವುದು ಲಕ್ಷ್ಮಿಗೆ ಅಪಚಾರವೆಂಬುದು ಅಲ್ಲಿನ ನೇಮ. ಆದ್ದರಿಂದ ಸೀರೆ ಬಿಚ್ಚಿದೊಡನೆ ಕೊಳ್ಳುವವಳು, ಮಾರುವವಳು, ಕೊನೆಗೆ ಸಾವ್ಕಾರರು ಕೂಡ ಕುಳಿತುಬಿಡುತ್ತಿದ್ದರು. ದೋಣಿಮಲೈ ಗಣಿ ಕ್ವಾರ್ಟರ್ಸಿನ ಅಧಿಕಾರಿಯ ಪತ್ನಿಗೂ ಕಂಪ್ಲಿಯ ಕಬ್ಬಿನ ಗದ್ದೆಯಿಂದ ಬಂದ ಮುದುಕಿಗೂ ಒಂದೇ ಎತ್ತರ. ಯಾವ ಸಂವಿಧಾನವನ್ನೂ ಉಲ್ಲೇಖಿಸದೆ ಆ ಗಾದಿ ಸಮಾನತೆಯನ್ನು ಜಾರಿಗೆ ತಂದಿತ್ತು.

ಅದನ್ನು ತೆಗೆಸಿದ್ದು ಒಂದು ಸಂಶೋಧನೆ. ದೂರದ ನಗರದ ನಿರ್ವಹಣಾಶಾಸ್ತ್ರದ ಸಂಸ್ಥೆಯೊಂದರ ವಿದ್ವಾಂಸರು ಬಂದು, ಕೆಲವು ಅಂಗಡಿಗಳಲ್ಲಿ ಪ್ರಯೋಗಕ್ಕೆಂದು ಗಾದಿ ತೆಗೆಸಿ, ಚಿಲ್ಲರೆ ವ್ಯಾಪಾರದಲ್ಲಿ ದುಡಿಮೆಯ ಭಂಗಿಯನ್ನು ಅಭ್ಯಸಿಸಿ, ನಿಂತ ನೌಕರ ಕುಳಿತ ನೌಕರನಿಗಿಂತ ಹೆಚ್ಚು ಮಾರುತ್ತಾನೆಂಬ ತೀರ್ಮಾನಕ್ಕೆ ಬಂದರಂತೆ. ತೀರ್ಮಾನದ ಭಾರ ಶಾಂತಕ್ಕನ ಕಾಲಿಗೆ ಬಿತ್ತು. ಸಂಡೂರಿನಿಂದ ಬಸ್ಸಿನಲ್ಲಿ ನಿಂತು ಬಂದು, ಅಂಗಡಿಯಲ್ಲಿ ನಿಂತು ದುಡಿದು, ಮತ್ತೆ ನಿಂತೇ ಊರಿಗೆ ಮರಳುವ ಅವಳ ಮೀನಖಂಡದಲ್ಲಿ ನರಗಳು ಗಂಟುಕಟ್ಟಿದ್ದವು.

"ಹಿಂಗ ನಿಂತ್ರ ಕೆಲಸರ ಬಿಡಬೇಕು, ಕಾಲರ ಬಿಡಬೇಕು ಅಂದಾರ ಡಾಕ್ಟ್ರು," ಎಂದು ಸೀರೆಯ ಸೆರಗನ್ನು ಮಡಿಸುತ್ತಲೇ ಹೇಳಿದಳು. "ಕಾಲು ಬಿಟ್ರ ಕೆಲಸಕ್ಕ ಬರೋದು ಹೆಂಗ? ಅದನ್ನ ಅವ್ರು ಹೇಳ್ಲಿಲ್ಲ."

ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದ ನನಗೆ ಆದಾಯಕ್ಕಿಂತ ಆಕ್ರೋಶವೇ ಅಧಿಕ. ಅದೇ ವಾರ ವರ್ತಕರಿಗಾಗಿ ಆ ಅಧ್ಯಯನದ ಮಂಡನೆ ಇಲ್ಲಿನ ಹೋಟೆಲೊಂದರ ಸಭಾಂಗಣದಲ್ಲಿ ಇದೆಯೆಂದು ತಿಳಿದು ಹೋದೆ. ಪರದೆಯ ಮೇಲೆ ಬಣ್ಣದ ಕಂಬಗಳು ಮೂಡಿದವು: ಗಾದಿ ಇದ್ದಾಗಿನ ಮಾರಾಟ ಕುಳ್ಳಗೆ, ಗಾದಿ ತೆಗೆದ ಮೇಲಿನದು ಉದ್ದಕ್ಕೆ. ಕಂಬಗಳ ಬುಡದಲ್ಲಿ ಸಣ್ಣ ಅಕ್ಷರಗಳಲ್ಲಿ ತಿಂಗಳುಗಳಿದ್ದವು. ಅವನ್ನು ಓದಿದ ನಾನು ಬಾಯಿಗೆ ಹಾಕಿಕೊಂಡಿದ್ದ ಬಿಸ್ಕತ್ತನ್ನು ಅಗಿಯುವುದನ್ನೇ ಮರೆತೆ. ಗಾದಿಯನ್ನು ಅವರು ಅಳೆದದ್ದು ಆಷಾಢದಲ್ಲಿ. ಗಾಜನ್ನು ಅಳೆದದ್ದು ಶ್ರಾವಣದಲ್ಲಿ.

ಆಷಾಢದಲ್ಲಿ ನಮ್ಮ ಕಡೆ ಮದುವೆಯಿಲ್ಲ, ಶುಭಕಾರ್ಯವಿಲ್ಲ. ಸೀರೆಯಂಗಡಿಯಲ್ಲಿ ನೊಣವೂ ನಷ್ಟದಲ್ಲಿ ಹಾರುತ್ತದೆ. ಶ್ರಾವಣ ಹುಟ್ಟಿದೊಡನೆ ಪಂಚಮಿ, ತವರಿಗೆ ಬಂದ ಹೆಣ್ಣುಮಕ್ಕಳು, ಅವರಿಗೆ ಉಡಿಸಲೇಬೇಕಾದ ಸೀರೆ. ಆ ತಿಂಗಳಲ್ಲಿ ಮಾರುವವಳು ಶೀರ್ಷಾಸನ ಹಾಕಿದ್ದರೂ ಮಾರಾಟ ಏರುತ್ತಿತ್ತು. ಎದ್ದು ನಿಂತು ಇದನ್ನೇ ಕೇಳಿದೆ. ವಿದ್ವಾಂಸರು ನಸುನಕ್ಕು, ಋತುಮಾನದ ಏರಿಳಿತಗಳನ್ನು ಅಧ್ಯಯನದ ಮುಂದಿನ ಹಂತದಲ್ಲಿ ಪರಿಗಣಿಸಲಾಗುವುದೆಂದರು. ಅಂದರೆ ಆ ಹಂತ ಬರುವವರೆಗೆ ಬೀದಿಯ ಗಾದಿಗಳೆಲ್ಲ ಅಟ್ಟ ಸೇರಬೇಕು.

ಅದಕ್ಕಿಂತ ದೊಡ್ಡ ಆಘಾತ ನನ್ನ ಪಕ್ಕದ ಕುರ್ಚಿಯಲ್ಲೇ ಕುಳಿತಿತ್ತು. ಶಾಂತಕ್ಕನ ಸಾವ್ಕಾರರು ಮೆಲ್ಲಗೆ ನನ್ನತ್ತ ಬಾಗಿ, "ಆಷಾಢ ನಮಗ ಗೊತ್ತಿಲ್ಲೇನ್ರಿ? ನಮ್ಮಪ್ಪನ ಕಾಲದಿಂದ ಅಂಗಡಿ ನಡಸಾಕತ್ತೀವಿ," ಎಂದರು. "ಆದ್ರ ಅಷ್ಟು ಓದಿದವ್ರು, ಕಂಪ್ಯೂಟರ್‌ನಾಗ ಹಾಕಿ ತೆಗದಾರ. ಸುಮ್ನ ಹೇಳ್ತಾರೇನ್ರಿ?"

ಸೇತುವೆ ಕುಸಿದರೆ ಎಂಜಿನಿಯರನ್ನು ಕೇಳುತ್ತೇವೆ, ಮದ್ದು ತಪ್ಪಿದರೆ ವೈದ್ಯನನ್ನು. ಒಂದು ತಪ್ಪು ತೀರ್ಮಾನ ಬೀದಿಯುದ್ದಕ್ಕೂ ಹೆಣ್ಣುಮಕ್ಕಳ ಕಾಲಿನ ನರಗಳಲ್ಲಿ ಗಂಟಾಗಿ ಕುಳಿತರೆ ಉತ್ತರದಾಯಿ ಯಾರು? ಮನೆಗೆ ಬಂದು ಈ ಪ್ರಶ್ನೆಯನ್ನು ಉಚ್ಚಸ್ವರದಲ್ಲಿ ಕೇಳಿದಾಗ, ರೊಟ್ಟಿ ಬಡಿಯುತ್ತಿದ್ದ ಅವ್ವ ತಲೆಯೆತ್ತದೆ, "ಬರೇ ಸಿಟ್ಟು ಮಾಡ್ಕೊಳ್ಳಾಕ ಎಂ.ಎ. ಓದಬೇಕಾತೇನು?" ಎಂದಳು. ಹಂಪಿಯ ಉಗ್ರ ನರಸಿಂಹ ಕೂಡ ಅಷ್ಟು ಕೋಪವನ್ನು ಕುಳಿತೇ ನಿಭಾಯಿಸುತ್ತಿರುವುದು ಆಗ ನೆನಪಾಗಿ, ನಾನೂ ಕುಳಿತೆ.

ಮರುದಿನ ಅವ್ವ ಸೀರೆಗೆಂದು ಹೊರಟಳು. ಅಂಗಡಿಯ ಸ್ಟೂಲನ್ನು ಒಮ್ಮೆ ತಿರುಗಿಸಿ ನೋಡಿ ಪಕ್ಕಕ್ಕೆ ಸರಿಸಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ಬಂದು, ಹೆಗಲ ಮೇಲಿನ ಶಾಲನ್ನು ನುಣುಪು ಟೈಲ್ಸಿನ ಮೇಲೆ ಹಾಸಿ ಕುಳಿತಳು. "ಶಾಂತಾ, ಸೀರಿ ಇಲ್ಲೇ ಹಾಕವ್ವ. ಆ ಗಾಜಿನ ಮ್ಯಾಲ ನನಗ ಬಣ್ಣ ತಿಳಿಯಂಗಿಲ್ಲ."

ಶಾಂತಕ್ಕ ದೂರದಲ್ಲಿದ್ದ ಸಾವ್ಕಾರರ ಮುಖ ನೋಡಿದಳು. ಗಿರಾಕಿಯ ಮಾತು ಮೀರುವಂತಿಲ್ಲ. ಸೀರೆ ಕೆಳಗಿಳಿಯಿತು, ಬಿಚ್ಚಿಕೊಂಡಿತು. ಬಿಚ್ಚಿದ ಸೀರೆಯ ಪಕ್ಕ ನಿಲ್ಲುವಂತಿಲ್ಲ, ಶಾಂತಕ್ಕ ಕುಳಿತಳು. ಕೂರುವಾಗ ಅವಳ ಬಾಯಿಂದ ಹೊರಟ ನಿಟ್ಟುಸಿರು ಯಾವ ಪರದೆಯ ಮೇಲೂ ಮೂಡಿರಲಿಲ್ಲ. ಕಂಪ್ಲಿಯ ಕಡೆಯ ಇಬ್ಬರು ಹೆಂಗಸರೂ ಬಂದು ಸೆರಗು ಮುಟ್ಟಿ ನೋಡುತ್ತ ಕುಳಿತರು. ಏನಾಯಿತೆಂದು ಧಾವಿಸಿದ ಸಾವ್ಕಾರರು ಸೀರೆಯ ಅಂಚಿಗೆ ಬಂದು ನಿಂತು, ತಮ್ಮ ಪಾದಗಳನ್ನೇ ನೋಡಿಕೊಂಡು, ಅಪ್ಪನ ಕಾಲದ ಅಭ್ಯಾಸಕ್ಕೆ ಸೋತು ಮೊಣಕಾಲು ಮಡಿಸಿದರು. ಕುಳಿತದ್ದೇ ತಡ, ಎಲ್ಲರಿಗೂ ಚಹಾ ಹೇಳಿದರು.

ಗೆದ್ದೆವೆಂದುಕೊಂಡೆ. ಈಗ ಅಂಗಡಿಯ ಒಂದು ಮೂಲೆಗೆ ಹಳೆಯ ಗಾದಿಯ ತುಂಡೊಂದು ಮರಳಿ ಬಂದಿದೆ, ವಯಸ್ಸಾದ ಗಿರಾಕಿಗಳಿಗಾಗಿ ಮಾತ್ರ. ಅವರು ಕುಳಿತಷ್ಟು ಹೊತ್ತು ಮಾರುವವರೂ ಕೂರಬಹುದು. ಅವರು ಎದ್ದರೆ ಇವರೂ ಏಳಬೇಕು. ಸಂಶೋಧನೆ ಹಾಗೆಯೇ ಇದೆ, ಕೌಂಟರೂ ಹಾಗೆಯೇ ಇದೆ. ತಿರುಗುವ ಸ್ಟೂಲಿನ ಮೇಲೆ ನಾನು ಮತ್ತೆ ಕುಳಿತಿಲ್ಲ.

ನಿನ್ನೆ ಮಧ್ಯಾಹ್ನ ಶಾಂತಕ್ಕ ಫೋನ್ ಮಾಡಿದ್ದಳು. "ಅವ್ವಗ ಬಿಡುವೈತೇನು? ಜಲ್ದಿ ಕಳಿಸು. ಸೀರಿ ತಗೊಳ್ಳೋದೇನ್ ಬ್ಯಾಡ. ಬಂದು ಸುಮ್ನ ಕುಂದ್ರಲಿ."