ಹಾಲೇಶಣ್ಣ ಗುರುತು ಹಾಕಿದ ಹನ್ನೆರಡು ದೀಪ

ದೀಪ ಹಾಕಿದ ಮೇಲೆ ಹಾಲೇಶಣ್ಣ ದೀಪದ ಕಡೆ ನೋಡುತ್ತಿರಲಿಲ್ಲ. ಅದರ ಕೆಳಗೆ ಕೂತವರ ಮುಖ ನೋಡುತ್ತಿದ್ದ. ಕೂತವರ ಹುಬ್ಬು ಒಂಚೂರು ಗಂಟಾದರೆ ಸಾಕು, ಬಲ್ಬನ್ನು ಮೊಳದಷ್ಟು ಆಚೆ ಸರಿಸಿ ಮತ್ತೆ ಮುಖ ನೋಡುತ್ತಿದ್ದ.

ಅವನು ಹರಿಹರದವನು, ವೈರ್‌ಮನ್. ದಿನಾ ಬೆಳಿಗ್ಗೆ ಬಸ್ಸಿನಲ್ಲಿ ದಾವಣಗೆರೆಗೆ ಬಂದು ಸಂಜೆ ಹೊಳೆದಂಡೆಯ ಮನೆಗೆ ಹೋಗುವವನು. ಮಂಡಿಪೇಟೆಯ ಅರ್ಧ ಅಂಗಡಿಗಳ ವೈರಿಂಗು ಅವನ ಕೈಯದೇ. ನಾನು ಕುಕ್ಕುವಾಡದಿಂದ ಬಂದು, ಬೇರೆಯವರ ಮಂಡಿಯಲ್ಲಿ ಮೂಟೆ ಹೊತ್ತು, ಆಮೇಲೆ ಬೆಲ್ಲದ ಅಂಗಡಿ ಇಟ್ಟಾಗ ಅದಕ್ಕೂ ಅವನನ್ನೇ ಕರೆಸಿದ್ದೆ. ಬೆಲ್ಲದ ಪೆಂಟೆಗಳ ಮೇಲೆ ಒಂದು ಹಳದಿ ಬಲ್ಬು ಹಾಕು, ಬಣ್ಣ ಚೆನ್ನಾಗಿ ಏಳುತ್ತದೆ ಎಂದೆ. ಅವನು ಬಾಯಲ್ಲಿ ಕಚ್ಚಿಕೊಂಡಿದ್ದ ಸ್ಕ್ರೂ ತೆಗೆದು, "ಹಾಕ್ಬೋದ್ರಿ. ಇಲ್ಲಿ ಬೆಲ್ಲ ಚಂದ ಕಾಣ್ತೈತೆ. ಗಿರಾಕಿ ಮನಿಗೆ ಹೋಗಿ ಬಿಚ್ಚಿದ ಮ್ಯಾಲೆ ನೀವು ಚಂದ ಕಾಣಲ್ರಿ, ಸಾವ್ಕಾರ್ರೆ" ಎಂದ. ಬಿಳಿ ಟ್ಯೂಬ್‌ಲೈಟೇ ಹಾಕಿದ. ಆ ಮಾತಿನಿಂದ ನನಗೆ ಲಾಭವೇ ಆಯಿತು. ಅಂಗಡಿಯವನ ಮಾತು ನಂಬಬಹುದು ಎಂದು ಜನ ಬಂದರು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ವಿದ್ಯಾನಗರದ ಕಡೆ ಮನೆ ಕಟ್ಟಿಸಿದೆ. ಬೆಂಗಳೂರಿನ ಒಬ್ಬ ದೊಡ್ಡ ವ್ಯಾಪಾರಿಯ ಮನೆಯ ಹಾಲಿನಲ್ಲಿ, ಸೀಲಿಂಗಿನೊಳಗೆ ಹುದುಗಿಸಿದ ಪುಟ್ಟ ಪುಟ್ಟ ಹ್ಯಾಲೋಜನ್ ದೀಪಗಳನ್ನು ನೋಡಿ ಬಂದಿದ್ದೆ. ದೀಪ ಕಾಣುವುದಿಲ್ಲ, ಬೆಳಕು ಮಾತ್ರ ಇಳಿಯುತ್ತದೆ. ನನ್ನ ಹಾಲಿಗೂ ಪ್ಲಾಸ್ಟರಿನ ಫಾಲ್ಸ್ ಸೀಲಿಂಗ್ ಮಾಡಿಸಿ ಅಂಥವು ಹನ್ನೆರಡು ಹಾಕಿಸಬೇಕು ಎಂದು ಹಟ ಹಿಡಿದೆ.

ಮನೆ ಕಟ್ಟಿಸುವವರಿಗೆ ಒಂದು ಮಾತು. ದೀಪವನ್ನು ಅಂಗಡಿಯಲ್ಲಿ ನೋಡಿ ಒಪ್ಪಬೇಡಿ. ಅಲ್ಲಿ ನಲವತ್ತು ದೀಪ ಒಟ್ಟಿಗೆ ಉರಿಯುತ್ತಿರುತ್ತವೆ, ಯಾವುದು ಎಷ್ಟು ಬೆಳಕು ಕೊಡುತ್ತದೆ ಎಂದು ದೇವರಿಗೂ ತಿಳಿಯದು. ಒಂದನ್ನು ಮನೆಗೆ ತಂದು ಹಚ್ಚಿ ನೋಡಿ. ಇದು ಹಾಲೇಶಣ್ಣ ಕಲಿಸಿದ್ದು. ಅವನು ಬಿದಿರು ಕೋಲಿನ ತುದಿಗೆ ಹೋಲ್ಡರ್ ಕಟ್ಟಿ, ಉದ್ದಕ್ಕೆ ವೈರ್ ಇಳಿಬಿಟ್ಟುಕೊಂಡು, ಕತ್ತಲಾಗುವ ಹೊತ್ತಿಗೆ ಬರುತ್ತಿದ್ದ. ಮನೆಯವರನ್ನೆಲ್ಲ ಅವರವರ ಜಾಗದಲ್ಲಿ ಕೂರಿಸಿ, ಕೋಲೆತ್ತಿ ಬೆಳಕು ಹಿಡಿದು, ಮೊದಲು ನೆಲದ ಮೇಲೆ ಸೀಮೆಸುಣ್ಣದ ಗುರುತು ಹಾಕುತ್ತಿದ್ದ. ಸೀಲಿಂಗಿನ ತೂತು ಆಮೇಲೆ.

"ಅಕ್ಕಾರೆ, ನೀವು ಅಕ್ಕಿ ಆರಿಸಾಕೆ ಎಲ್ಲಿ ಕುಂದರ್ತೀರಿ?" ಎಂದು ನನ್ನ ಹೆಂಡತಿ ಗಿರಿಜಳನ್ನು ಕೇಳಿದ. ಮಂಡಿ ನೋವಿನ ನಮ್ಮ ಅವ್ವನನ್ನು ಕೈಹಿಡಿದು ಕರೆತಂದು ಸೋಫಾದ ಮೇಲೆ ಕೂರಿಸಿದ.

"ನನ್ನ ಕೂಡ್ಸಿ ಸುತ್ತ ಗ್ವಾಡೆ ಕಟ್ತೀಯೇನೋ, ಹಾಲೇಶ?" ಎಂದಳು ಅವ್ವ.

"ಅದನ್ನ ನಿಮ್ಮ ಮಗ ಕಟ್ಟಿಸ್ಯಾರೆ ಬಿಡ್ರಿ. ನಾನು ಬೆಳಕು ಅಷ್ಟೇ ಬಿಡ್ತೀನಿ."

ಅವನ ಲೆಕ್ಕದಲ್ಲಿ ಆರು ದೀಪ ಸಾಕಿತ್ತು. ನಾನು ಹನ್ನೆರಡೇ ಎಂದೆ. ಕೊನೆಗೆ ಒಪ್ಪಿ ಒಂದು ಷರತ್ತು ಹಾಕಿದ. ಈ ದೀಪ ಕೆಳಗೆ ತಣ್ಣಗೆ ಕಂಡರೂ ಬೆನ್ನಿನ ಕಡೆ ಹಂಚಿನಂತೆ ಕಾಯುತ್ತದೆ, ಅದರ ಮೇಲೆ ಒಂದು ಗೇಣು ಖಾಲಿ ಜಾಗ ಇರಲೇಬೇಕು. "ಮನಷ್ಯಾಗೆ ಮೂಗು ಇದ್ದಂಗೆ ಇದಕ್ಕೆ ಮ್ಯಾಲಿನ ಜಾಗ. ಅದನ್ನ ಮುಚ್ಚಬ್ಯಾಡ್ರಿ" ಎಂದ. ಹನ್ನೆರಡನ್ನೂ ಕೂರಿಸಿ, ಮೂಲೆಯಲ್ಲಿ ಒಂದು ಹಲಗೆಯಷ್ಟು ಸೀಲಿಂಗನ್ನು ತೆರೆದೇ ಇಟ್ಟ. ಕೊನೆಗೆ ದೀಪಗಳನ್ನು ಒಂದು ಹೊತ್ತಿನ ಅಡುಗೆ ಆಗುವಷ್ಟು ಕಾಲ ಉರಿಸಿ, ಆ ಕಂಡಿಯಲ್ಲಿ ತಲೆ ಹಾಕಿ, ಕೈಯಾಡಿಸಿ ಕಾವು ನೋಡಿದ ಮೇಲೆಯೇ ಮನೆಯನ್ನು ಒಪ್ಪಿಸುವುದು ಅವನ ಪದ್ಧತಿ. ಅಷ್ಟರಲ್ಲಿ ಕಡರನಾಯಕನಹಳ್ಳಿಯಲ್ಲಿ ಅವನ ಅಕ್ಕನಿಗೆ ಹುಷಾರಿಲ್ಲವೆಂದು ಸುದ್ದಿ ಬಂತು. ಮೂರು ದಿನ ಬರುವುದಿಲ್ಲ ಎಂದು ಹೇಳಿ ಹೋದ.

ಆ ಮೂರು ದಿನದಲ್ಲಿ ನಾನು ಬುದ್ಧಿವಂತಿಕೆ ಮಾಡಿದೆ. ನಮ್ಮೂರ ಬಿಸಿಲು ಗೊತ್ತಲ್ಲ, ತಾರಸಿ ಕಾದರೆ ಹಾಲಿನಲ್ಲಿ ಕೂರಲಾಗದು. ಮಂಡಿಪೇಟೆಯಲ್ಲಿ ಪರಿಚಯದವರೊಬ್ಬರ ಬಳಿ ಟಿವಿ ಪೆಟ್ಟಿಗೆಗಳ ಥರ್ಮಾಕೋಲ್ ಹಾಳೆ ರಾಶಿ ಬಿದ್ದಿತ್ತು. ಚೌಕಾಸಿ ಮಾಡಿ ಅಷ್ಟನ್ನೂ ಎತ್ತಿಸಿ ತಂದೆ. ಸೀಲಿಂಗ್ ಕೆಲಸದವನಿಗೆ ಹೇಳಿ ಆ ಕಂಡಿಯಿಂದಲೇ ಒಳಗೆ ತಳ್ಳಿಸಿ, ದೀಪಗಳ ಬೆನ್ನ ಮೇಲೆಲ್ಲ ಹಾಸಿಸಿ, ಕಂಡಿ ಮುಚ್ಚಿಸಿ ಬಣ್ಣ ಹೊಡೆಸಿಬಿಟ್ಟೆ. ಮನೆ ತಂಪಾಗುತ್ತದೆ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಗೃಹಪ್ರವೇಶದ ಹಿಂದಿನ ದಿನ ಹಾಲೇಶಣ್ಣ ಬಂದ. ಮುಚ್ಚಿದ ಮೂಲೆಯನ್ನೇ ನೋಡುತ್ತ ನಿಂತ.

"ಕಂಡಿ ಯಾಕ ಮುಚ್ಚಿಸಿದ್ರಿ? ನಾನಿನ್ನೂ ಕೈ ಹಾಕಿ ನೋಡಿಲ್ಲ."

"ನಾಳೆ ಜನ ಬರ್ತಾರಪ್ಪ. ಬಣ್ಣ ಈಗ ಒಣಗೈತೆ, ಮತ್ತೆ ಒಡಿಯಾದು ಬ್ಯಾಡ."

"ಮ್ಯಾಲೆ ಖಾಲಿ ಐತಲ್ರಿ?"

ಹೇಳಿದರೆ ಒಡೆಸುತ್ತಾನೆ, ಅದು ನನಗೆ ಗೊತ್ತಿತ್ತು. "ಖಾಲಿ ಐತೆ ಮಾರಾಯ" ಎಂದೆ.

ಅವನು ನಂಬಿದ. ಕೈಯಾಡಿಸಿ ನೋಡದೆ ಅವನು ಒಪ್ಪಿಸಿದ ಮನೆ ನನ್ನದೊಂದೇ.

ಮರುದಿನ ಸಂಜೆ ಮಂಡಿಪೇಟೆಯ ವರ್ತಕರೆಲ್ಲ ಊಟಕ್ಕೆ ಬಂದರು. ಹನ್ನೆರಡೂ ದೀಪ ಹಾಕಿಸಿದೆ. ಬಂದವರು ತಲೆಯೆತ್ತಿ ನೋಡಿದರು, ಹೊಗಳಿದರು. ನಾನು ಒಬ್ಬೊಬ್ಬರಿಗೂ ತೋರಿಸುತ್ತ, ಎಲ್ಲಿ ತಂದೆ, ಹೇಗೆ ತಂದೆ ಎಂದು ಹೇಳುತ್ತ ತಿರುಗಿದೆ. ಹಾಲೇಶಣ್ಣನೂ ಊಟ ಮುಗಿಸಿ ಬಾಗಿಲ ಹತ್ತಿರ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಮೊದಲು ವಾಸನೆ ಬಂತು. ಅದು ಏನೆಂದು ನಾವು ಕೇಳಿಕೊಳ್ಳುವಷ್ಟರಲ್ಲಿ ಅವನು "ಮೇನ್ ತೆಗೀರಿ, ಮೇನ್ ತೆಗೀರಿ" ಎನ್ನುತ್ತ ಒಳಗೆ ಓಡಿ ಬಂದ. ಅವ್ವ ಕೂತಿದ್ದ ಸೋಫಾದ ನೆತ್ತಿಯ ಮೇಲೆಯೇ ಸೀಲಿಂಗ್ ಕಪ್ಪಗಾಗಿ ಬಿರಿಯಿತು. ಉರಿಯುವ ಥರ್ಮಾಕೋಲ್ ಕರಗಿ ಹನಿಹನಿಯಾಗಿ ಇಳಿಯಿತು. ನಾವೆಲ್ಲ ಬಾಗಿಲ ಕಡೆ ಓಡಿದೆವು. ಅವ್ವನಿಗೆ ಬೇಗ ಏಳಲು ಆಗುತ್ತಿರಲಿಲ್ಲ. ಅವನು ಅವಳ ಮೇಲೆ ಬಗ್ಗಿ, ತನ್ನ ಎರಡೂ ಕೈ ಅವಳ ತಲೆಗೆ ಕವುಚಿ, ಹಾಗೆಯೇ ಎಳೆದುಕೊಂಡು ಹೊರಗೆ ಬಂದ.

ಅವ್ವನ ಸೆರಗು ಸುಟ್ಟಿತ್ತು, ಅಷ್ಟೇ. ಕರಗಿದ ಥರ್ಮಾಕೋಲ್ ಚರ್ಮಕ್ಕೆ ಅಂಟಿದರೆ ಬಿಡುವುದಿಲ್ಲ. ಹಾಲೇಶಣ್ಣನ ಕತ್ತು, ಬಲಗೈ ಬೆಂದುಹೋಗಿದ್ದವು.

ಬೆಂಕಿ ಆರಿದಾಗ ಸೀಲಿಂಗಿನೊಳಗೆ ಮಸಿಯಷ್ಟೇ ಉಳಿದಿತ್ತು. ಅಂಗಳದಲ್ಲಿ ನಿಂತ ವರ್ತಕರಲ್ಲಿ ಒಬ್ಬರು ಕೇಳಿದರು: "ವೈರಿಂಗ್ ಯಾರ್ದು?"

"ಹಾಲೇಶಂದು" ಎಂದರು ಇನ್ನೊಬ್ಬರು.

"ಅಂಥವನೂ ಹಿಂಗ್ ಮಾಡಿದ್ನಾ?"

ನಾನು ಅಲ್ಲೇ ನಿಂತಿದ್ದೆ. ಅಗ್ಗಕ್ಕೆ ಸಿಕ್ಕಿತೆಂದು ಪೆಟ್ಟಿಗೆಯ ಕಸ ತುಂಬಿ ಮನೆ ಸುಟ್ಟುಕೊಂಡ ಸಾವ್ಕಾರ ಎಂದು ಮಂಡಿಪೇಟೆ ನಗುತ್ತದೆ ಎಂಬ ಯೋಚನೆ ಬಂತು. ಸುಮ್ಮನಿದ್ದೆ. ಮರುದಿನ ಅಂಗಡಿಯಲ್ಲಿ ಕೇಳಿದವರಿಗೆ ತಲೆಯಾಡಿಸಿದೆ. ಮೂರನೇ ದಿನ, "ಹೂಂ, ವೈರಿಂಗು" ಎಂದು ಬಾಯಿಬಿಟ್ಟೇ ಹೇಳಿದೆ.

ಆಸ್ಪತ್ರೆಯ ಖರ್ಚು ನಾನೇ ನೋಡಿಕೊಂಡೆ. ಮೊದಲ ಸಲ ಹೋದಾಗ ಅವನು ನನ್ನನ್ನು ನೋಡಿ, "ಮ್ಯಾಲೆ ಖಾಲಿ ಇರ್ಲಿಲ್ಲ, ಸಾವ್ಕಾರ್ರೆ" ಎಂದ. ಅದು ಬೈಗುಳವೂ ಅಲ್ಲ, ಪ್ರಶ್ನೆಯೂ ಅಲ್ಲ. ಬಲಗೈಯ ಮೂರು ಬೆರಳು ಒಂದಕ್ಕೊಂದು ಕೂಡಿಕೊಂಡವು. ಇಕ್ಕಳ ಹಿಡಿಯಲು ಆಗುತ್ತಿರಲಿಲ್ಲ. ಎಡಗೈಯಲ್ಲಿ ಅಭ್ಯಾಸ ಮಾಡಿದನಂತೆ. ಆದರೆ ಕರೆಯುವವರು ಯಾರು? ಬೆಂಕಿ ಬಿದ್ದ ಮನೆಯ ವೈರ್‌ಮನ್‌ನನ್ನು ನಾನಾದರೂ ಕರೆಯುತ್ತಿರಲಿಲ್ಲ.

ಆರು ತಿಂಗಳು ಕಳೆದು ಹರಿಹರಕ್ಕೆ ಹೋದೆ. ಹೊಳೆಗೆ ಹೋಗುವ ಓಣಿಯಲ್ಲಿ ಅವನ ಮನೆ. ಅಂಗಡಿಗೆ ಬಂದು ಗಲ್ಲಾಪೆಟ್ಟಿಗೆಯ ಹತ್ತಿರ ಕೂತಿರು, ಸಂಬಳ ಕೊಡುತ್ತೇನೆ ಎಂದೆ. ಎರಡು ಸಲ ಮೊತ್ತ ಏರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ಕೆಲಸ ಬ್ಯಾಡ್ರಿ. ನಂದು ಕೈ ಹೋತು, ಹೋಗ್ಲಿ. ಮ್ಯಾಲೆ ಏನಿತ್ತು ಅಂತ ಮಂಡಿಪ್ಯಾಟ್ಯಾಗೆ ನಾಕ್ ಜನಕ್ಕೆ ಹೇಳ್ರಿ. ನಾನು ಹೇಳಿದ್ರೆ ಯಾರು ನಂಬ್ತಾರೆ? ನೀವು ಹೇಳ್ಬೇಕು."

"ಹೇಳ್ತೀನಿ ಹಾಲೇಶಣ್ಣ."

"ಯಾವಾಗ ಹೇಳ್ತೀರಿ?"

"ಈ ವಾರದಾಗೆ."

ಅವನ ಹೆಂಡತಿ ಶಾಂತಮ್ಮ ಚಹಾ ತಂದಿಟ್ಟಳು. ಕುಡಿದು ಬಂದೆ. ಆ ವಾರ ಹೇಳಲಿಲ್ಲ. ಆಮೇಲೆ ಹೇಳದೆ ಇರುವುದು ಸುಲಭವಾಗುತ್ತ ಹೋಯಿತು. ಮನೆ ಕಟ್ಟಿಸುವವರು ಸಲಹೆ ಕೇಳಿ ಬಂದರೆ ಮಾತ್ರ, ಸೀಲಿಂಗಿನ ದೀಪದ ಮೇಲೆ ಕೈ ಹಾಕಿ ನೋಡಿಕೊಳ್ಳಿ, ಏನನ್ನೂ ತುಂಬಬೇಡಿ ಎಂದು ಒತ್ತಿ ಒತ್ತಿ ಹೇಳುತ್ತಿದ್ದೆ. ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ.

ಮುಂದಿನ ವರ್ಷ ಅವನು ಎದೆನೋವಿನಿಂದ ಸತ್ತ. ಸುದ್ದಿ ತಿಳಿದು ಮೊದಲ ಬಸ್ಸಿಗೇ ಹೋದೆ. ಜಗಲಿಯ ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ, ಕೈಗಳ ಮೇಲೆ ಹೊಸ ಪಂಚೆ. ಶಾಂತಮ್ಮನ ಹತ್ತಿರ ಕೂತು, ಮೇಲೆ ಥರ್ಮಾಕೋಲ್ ಹಾಸಿಸಿದ್ದು ನಾನು, ಖಾಲಿ ಇದೆ ಎಂದು ಸುಳ್ಳು ಹೇಳಿದ್ದೂ ನಾನೇ ಎಂದೆ.

"ನಂಗೆ ಗೊತ್ತೈತ್ರಿ" ಎಂದಳು. "ಅವತ್ತೇ ಹೇಳಿದ್ರು. ನಂಗ್ಯಾಕ ಹೇಳ್ತೀರಿ? ಹೊರಗೆ ಅವ್ರ ಜೋಡಿ ಕೆಲಸ ಮಾಡಿದೋರು ಕುಂತಾರೆ. ಅವ್ರಿಗೆ ಹೇಳ್ರಿ."

ಹೊರಗೆ ಬಂದೆ. ಬೇವಿನ ಮರದ ಕೆಳಗೆ ಏಳೆಂಟು ಜನ ವೈರ್‌ಮನ್‌ಗಳು ಚಾಪೆ ಹಾಸಿಕೊಂಡು ಕೂತಿದ್ದರು. ನನ್ನನ್ನು ಕಂಡು ಸರಿದು ಜಾಗ ಮಾಡಿಕೊಟ್ಟರು.

"ಭಾಳ ಒಳ್ಳೆ ಕೆಲಸಗಾರ" ಎಂದೆ.

"ಹೌದ್ರಿ" ಎಂದ ಅವರಲ್ಲಿ ಹಿರಿಯನೊಬ್ಬ. "ನಿಮ್ಮ ಮನಿ ಒಂದು ಬಿಟ್ರೆ ಅವನ ಕೈ ಎಲ್ಲೂ ತಪ್ಪಿಲ್ಲ. ನೀವು ದೊಡ್ಡ ಮನಸ್ಸು ಮಾಡಿ ಇಲ್ಲಿಗಂಟ ಬಂದ್ರಿ."

ನಾನು ಆ ಹಿರಿಯನ ಪಕ್ಕದಲ್ಲಿ ಕೂತೆ.