ಕಾಳೊ ಬಣ್ಣ ಬಿಟ್ಟ ಮಳೆಗಾಲ

ಮಳೆ ಹಿಡಿದರೆ ಗೋವಾದ ಕಲಂಗುಟ್ ಕಡಲ ದಂಡೆಯಲ್ಲಿ ಮಣಿಸರ ಕೊಳ್ಳುವವರಿಲ್ಲ. ಅಲ್ಲಿ ಸರ ಮಾರುವ ಬಾಗಲಕೋಟೆ ಕಡೆಯ ಚಂದವ್ವ ಆ ತಿಂಗಳುಗಳಲ್ಲಿ ಮನೆಗೆಲಸ ಹಿಡಿಯುತ್ತಿದ್ದಳು. 2007ರಲ್ಲಿ, ನಿವೃತ್ತ ಟೀಚರ್ ಎಸ್ಪೆರಾನ್ಸಾಬಾಯಿ ಮಗಳ ಬಾಣಂತನಕ್ಕೆಂದು ಕುವೈತಿಗೆ ಹೊರಟಾಗ, ಮನೆಯ ಕೀಲಿಯ ಜೊತೆ ನಾಯಿಯನ್ನೂ ಅವಳಿಗೊಪ್ಪಿಸಿದರು. ಪೂಡಲ್ ಮತ್ತು ಕಾಕರ್ ಸ್ಪ್ಯಾನಿಯಲ್ ಎಂಬ ವಿಲಾಯಿತಿ ತಳಿಗಳ ಬೆರಕೆಯ ಮರಿ. ಗುಂಗುರು ಕೂದಲು, ಇದ್ದಿಲಿನಂಥ ಕಪ್ಪು. ಅದಕ್ಕೇ ‘ಕಾಳೊ’, ಕೊಂಕಣಿಯಲ್ಲಿ ಕರಿಯ, ಎಂಬ ಹೆಸರು.

ದಂಡೆಯ ನಾಯಿಗಳನ್ನು ಕಲ್ಲೆತ್ತಿ ಅಟ್ಟುತ್ತಿದ್ದ ಚಂದವ್ವನಿಗೆ ಮೊದಮೊದಲು ಇದು ಬೇಡದ ಹೊರೆ. ಆದರೆ ಅವಳು ಮಣಿ ಪೋಣಿಸಲು ಕೂತರೆ ಕಾಳೊ ಬಂದು ಅವಳ ಪಾದದ ಮೇಲೆ ಗದ್ದ ಊರಿ ಮಲಗುತ್ತಿತ್ತು. ಕೆಲವೇ ದಿನಗಳಲ್ಲಿ ಅವಳು ಅದರ ಜೊತೆ ಊರ ಸುದ್ದಿ ಮಾತಾಡತೊಡಗಿದಳು.

ಆಗಸ್ಟಿನ ತೇವಕ್ಕೆ ನಾಯಿಯ ಕೂದಲು ಜಡೆಗಟ್ಟಿ ನಾರತೊಡಗಿತು. ಚಂದವ್ವ ಕತ್ತರಿ ಹಿಡಿದು ಒಂದು ಗಂಟು ಕತ್ತರಿಸಿದಳು. ಅದನ್ನು ಬೆಳಕಿಗೆ ಹಿಡಿದಳು. ತುದಿ ಕಪ್ಪು, ಬುಡವೆಲ್ಲ ಒಲೆಯ ಬೂದಿಯ ಬಣ್ಣ. ಸೋಪಿನ ದೋಷವೆಂದು ತೊಳೆದಳು, ಕೊಬ್ಬರಿ ಎಣ್ಣೆ ತಿಕ್ಕಿದಳು. ಹೊಸದಾಗಿ ಬಂದ ಕೂದಲೂ ಬೂದಿಯೇ. ದೀಪಾವಳಿ ಹೊತ್ತಿಗೆ ಮೂತಿ, ಕಾಲು, ಬೆನ್ನು ಎಲ್ಲವೂ ಬೂದಿ ಬಣ್ಣವಾದವು. ಕಿವಿಯ ತುದಿಯಲ್ಲಷ್ಟೇ ಕಪ್ಪು ಉಳಿಯಿತು.

ಕಟ್ಟಡ ಕೆಲಸದ ಗಂಡ ಭೀಮಶಿ ನಾಯಿಯ ಕೂದಲು ಬಿಡಿಸಿ ಬಿಡಿಸಿ ನೋಡಿದ. ಎಸ್ಪೆರಾನ್ಸಾಬಾಯಿ ಬಂದರೆ ಏನಂತ ಹೇಳುವುದು ಎಂದು ಕೇಳಿದ. ತುಟ್ಟಿ ನಾಯಿಯನ್ನು ಮಾರಿ ಬೀದಿಯದ್ದನ್ನು ತಂದು ಕಟ್ಟಿದ್ದಾಳೆ ಎಂದು ಓಣಿಯಲ್ಲಿ ಆಗಲೇ ಗುಸುಗುಸು ಎದ್ದಿತ್ತು.

ನವೆಂಬರಿನಲ್ಲಿ ಎಸ್ಪೆರಾನ್ಸಾಬಾಯಿ ಮರಳಿದರು. ಕಾಳೊ ಕುಂಯ್ಗುಡುತ್ತ ಓಡಿಹೋಗಿ ಅವರ ಮೇಲೆ ಎಗರಿತು. ಅವರು ಗೇಟಿನಾಚೆಗೆ ಹಿಂದೆ ಸರಿದರು.

“ಇದು ನನ್ನ ನಾಯಿ ಅಲ್ಲ. ಕಾಳೊ ಎಲ್ಲಿ?”

ಚಂದವ್ವ ಕಾಳೊವನ್ನು ಹಿಡಿದು ನಿಲ್ಲಿಸಿದಳು. ಇಷ್ಟೇ ಅಂದಳು: “ನಾಯಿ ಡಾಕ್ಟರ್ ಕಡಿ ಹೋಗೂಣ ಬರ್ರಿ. ಅವರು ಅಲ್ಲಂದ್ರ ನಾನ ಪೊಲೀಸ್ ಠಾಣೆಕ್ಕ ಬರ್ತೇನಿ.”

ಹತ್ತಿರದ ಪೇಟೆ ಮಾಪುಸಾದ ಪಶುವೈದ್ಯರು ನಾಯಿಯ ಮುಂಗಾಲು ಎತ್ತಿ, ಮರಿಯಿದ್ದಾಗ ತಾವೇ ಹಾಕಿದ ಹೊಲಿಗೆಯ ಗುರುತನ್ನು ಎಸ್ಪೆರಾನ್ಸಾಬಾಯಿಗೆ ತೋರಿಸಿದರು. ಆಮೇಲೆ ಕೂದಲು ಬಿಡಿಸಿ ನೋಡಿ, ಇದರ ಅಪ್ಪ ಪೂಡಲ್ ಬೆಳ್ಳಿ ಬಣ್ಣದ್ದಾ ಎಂದು ಕೇಳಿದರು. ಬಾಯಿ ಹೌದೆಂದರು. ಪೂಡಲ್ ವಂಶದಲ್ಲಿ ಕಪ್ಪನ್ನು ಮೆಲ್ಲಗೆ ಮಾಸಿಸುವ ಒಂದು ಗುಣವಿದೆ, ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದರೂ ಸಾಕು, ಎಂದು ವೈದ್ಯರು ವಿವರಿಸಿದರು. ಮರಿ ಹುಟ್ಟುವಾಗ ಅಚ್ಚ ಕಪ್ಪೇ. ಆಮೇಲೆ ಬುಡದಿಂದ ಬೆಳೆಯುವ ಕೂದಲು ಬರಬರುತ್ತ ತಿಳಿಯಾಗುತ್ತದೆ. ಇದು ರೋಗವಲ್ಲ, ಯಾರ ತಪ್ಪೂ ಅಲ್ಲ.

ಎಸ್ಪೆರಾನ್ಸಾಬಾಯಿ ನಾಯಿಯನ್ನು ಎತ್ತಿಕೊಂಡರು. ರಿಕ್ಷಾದಲ್ಲಿ ಮರಳುವಾಗ ಚಂದವ್ವನ ಕೈ ಹಿಡಿದು ತಪ್ಪಾಯಿತೆಂದರು. ತನ್ನನ್ನು ಕಳ್ಳಿ ಎನ್ನುವುದಕ್ಕೆ ಇಷ್ಟು ಸಾಕಾಯಿತೇ ಎಂದು ಅವಳಿಗೆ ಮತ್ತೆ ಮತ್ತೆ ಅನಿಸುತ್ತಿತ್ತು.

ಮುಂದಿನ ಮಳೆಗಾಲಕ್ಕೆ ಬಾಯಿ ಮತ್ತೆ ಕುವೈತಿಗೆ ಹೊರಟು, ನಾಯಿಯನ್ನು ನೋಡಿಕೊಳ್ಳುತ್ತೀಯಾ ಎಂದು ಕೇಳಿದರು.

“ನೋಡ್ಕೋತೇನ್ರಿ. ಆದ್ರ ಡಾಕ್ಟರ್ ಹೇಳಿದ್ದು ನಿಮಗ ಗೊತ್ತಾದ್ರ ಸಾಲದು. ಓಣ್ಯಾಗ ನೀವ ಹೇಳಿ ಹೋಗ್ರಿ.”

ಎಸ್ಪೆರಾನ್ಸಾಬಾಯಿ ಅವಳನ್ನೂ ಕಾಳೊವನ್ನೂ ಕರೆದುಕೊಂಡು ಓಣಿಗಿಳಿದರು. ಒಂದೊಂದೇ ಬಾಗಿಲಲ್ಲಿ ನಿಂತು, ಶಾಲೆಯಲ್ಲಿ ಪಾಠ ಹೇಳುತ್ತಿದ್ದಂತೆ, ವೈದ್ಯರು ಹೇಳಿದ್ದಷ್ಟನ್ನೂ ಕೊಂಕಣಿಯಲ್ಲಿ ಬಿಡಿಸಿ ಹೇಳಿದರು.